ಸಂಚಕಾರ ಕೊಡುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಗಾದೆ ಕಟ್ಟಿದ ಕಾಲದಲ್ಲಿ, ಇರುವ ಮನೆಯನ್ನು ಮಾರಿ ಬೇರೊಂದನ್ನು ಕೊಳ್ಳುವ ಕಷ್ಟ ಯಾರ ಅನುಭವಕ್ಕೂ ಬಂದಿರಲಿಲ್ಲವೆಂದು ತೋರುತ್ತದೆ. ಬಂದಿದ್ದರೆ ಆ ಗಾದೆ ಇನ್ನೊಂದು ತುಂಡು ಬೆಳೆಯುತ್ತಿತ್ತು. ಕಟ್ಟುವವನಿಗೆ ಒಂದೇ ಮನೆಯ ಚಿಂತೆ. ಮಾರಿ ಕೊಳ್ಳುವವನಿಗೆ ಎರಡು ಮನೆಗಳ ಚಿಂತೆ. ಜೊತೆಗೆ ಎರಡರ ನಡುವೆ ಎಲ್ಲಿ ಬೀದಿಯಲ್ಲಿ ನಿಲ್ಲಬೇಕಾದೀತೋ ಎಂಬ ಅಂಜಿಕೆ ಬೇರೆ. ಮೊದಲು ಮಾರಿದರೆ ತಲೆಯ ಮೇಲೆ ಸೂರಿಲ್ಲ. ಮೊದಲು ಕೊಳ್ಳೋಣವೆಂದರೆ ಕೈಯಲ್ಲಿ ಹಣವಿಲ್ಲ.

ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುವ ಕೆಲಸ ಒಂದು ದಿನದಲ್ಲಿ ಮುಗಿಯುವಂಥದಲ್ಲ ಎಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಬಹು ಪುರಾತನವಾದ ಸಾಕ್ಷ್ಯವೊಂದು ದೊರೆತಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕುಶಲಪ್ರಶ್ನೆಯೊಡನೆ ಕಳುಹಿಸಿದ ಆಜ್ಞೆ ಅದು. ಆ ಇಸಿಲವೇ ಈ ಬೆಟ್ಟದಡಿಯ ಊರು. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ನೆಲ ಅಗೆಸಿದರು; 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಶಾಸ್ತ್ರೀಯವಾದ ಉತ್ಖನನ ನಡೆಸಿದರು. ನೆಲದೊಳಗೆ ಮೂರು ಕಾಲದ ಬಾಳು ಪದರ ಪದರವಾಗಿ ಕಂಡಿತು. ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅದಕ್ಕೂ ಮೇಲೆ ಶಾತವಾಹನರ ಕಾಲದ ಜನ. ವಿಶೇಷವೆಂದರೆ ಈ ಪದರಗಳ ನಡುವೆ ಚಾಕುವಿನಿಂದ ಕೊಯ್ದಂಥ ಗೆರೆಯಿಲ್ಲ. ಒಂದು ಕಾಲದ ಮಡಕೆಯ ಚೂರುಗಳೂ ಮುಂದಿನ ಕಾಲದ ಮಡಕೆಯ ಚೂರುಗಳೂ ಸ್ವಲ್ಪ ದಪ್ಪದವರೆಗೆ ಒಟ್ಟಿಗೆ ಬೆರೆತು ಸಿಕ್ಕವು. ಹಳೆಯದು ಇನ್ನೂ ಹೋಗಿಲ್ಲ, ಹೊಸದು ಆಗಲೇ ಬಂದಿದೆ. ಮನೆ ಬದಲಾಯಿಸುವ ಪ್ರತಿಯೊಂದು ಸಂಸಾರದಲ್ಲಿಯೂ ಇಂಥದೊಂದು ಬೆರಕೆಯ ಪದರ ಇದ್ದೇ ಇರುತ್ತದೆ. ಕಷ್ಟವೆಲ್ಲ ಇರುವುದು ಅಲ್ಲಿಯೇ.

ಆ ಶಿಲಾಸಮಾಧಿಗಳಂಥವನ್ನು ಕರ್ನಾಟಕದ ಜನ ‘ಮೋರ್ಯರ ಮನೆ’ ಎಂದೋ ‘ಪಾಂಡವರ ಮನೆ’ ಎಂದೋ ಕರೆಯುವುದುಂಟು. ಬದುಕಿದ್ದವರ ಮನೆಗಳು ಮಣ್ಣಾಗಿವೆ. ಸತ್ತವರ ಮನೆಗಳು ಮಾತ್ರ ಚಪ್ಪಡಿ ಕಲ್ಲಿನಲ್ಲಿ ಗಟ್ಟಿಯಾಗಿ ನಿಂತಿವೆ. ಅವಕ್ಕೆ ದಲ್ಲಾಳಿಯ ಕಾಟವೂ ಇಲ್ಲ.

ಇದೇ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ನಿವೃತ್ತರಾದ ಒಬ್ಬ ಮೇಷ್ಟ್ರನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಂಥವರು ತಾಲ್ಲೂಕಿಗೆ ಹತ್ತಾರು ಮಂದಿ ಇದ್ದಾರೆ. ಇರುವುದು ತಂದೆಯ ಕಾಲದ ಮಣ್ಣಿನ ಮಾಳಿಗೆಯ ಮನೆ. ಮಗನಿಗೆ ಚಳ್ಳಕೆರೆಯಲ್ಲಿ ಉದ್ಯೋಗ. ಮನೆಯಾಕೆಗೆ ಮಂಡಿನೋವು, ವಾರಕ್ಕೊಮ್ಮೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುವುದು ಇನ್ನು ಸಾಧ್ಯವಿಲ್ಲ. ಊರಿನ ಮನೆಯನ್ನು ಮಾರಿದರೆ ಹದಿನಾಲ್ಕು ಲಕ್ಷ ಬಂದೀತು; ನಿವೃತ್ತಿಯ ಹಣ ಹದಿನೆಂಟು ಲಕ್ಷ ಬ್ಯಾಂಕಿನಲ್ಲಿದೆ. ಎರಡೂ ಕೂಡಿದರೆ ಮೂವತ್ತೆರಡು ಲಕ್ಷ. ಚಳ್ಳಕೆರೆಯಲ್ಲಿ ಅಷ್ಟೇ ಬೆಲೆಯ ಮನೆಯೊಂದನ್ನು ಹುಡುಕಿದರೆ ಲೆಕ್ಕ ಸರಿಹೋಯಿತು ಎಂದು ಮೇಷ್ಟ್ರು ನೋಟುಪುಸ್ತಕದಲ್ಲಿ ಕೂಡಿ, ಕೆಳಗೆ ಎರಡು ಗೆರೆ ಎಳೆದರು.

ಮಾರುವ ಮೊದಲೇ ಮನೆ ನೋಡಲು ಹೊರಟದ್ದು ತಪ್ಪೆಂದು ಹೇಳುವಂತಿಲ್ಲ. ನೋಡುವುದಕ್ಕೆ ಹಣ ಕೊಡಬೇಕಾಗಿಲ್ಲ. ನಾಲ್ಕು ಮನೆ ನೋಡಿದ ಮೇಲೆಯೇ ತನಗೆ ಬೇಕಾದುದೇನು, ಅದರ ಬೆಲೆಯೆಷ್ಟು ಎಂಬುದು ಮನಸ್ಸಿಗೆ ಬರುತ್ತದೆ. ನೋಡದೆ ಮಾರಿಬಿಟ್ಟವನು ಬಾಡಿಗೆಯ ಮನೆಯಲ್ಲಿ ಕುಳಿತು, ಕೈಯಲ್ಲಿದ್ದ ಹಣ ತಿಂಗಳು ತಿಂಗಳಿಗೆ ಸವೆಯುವುದನ್ನು ಕಂಡು ಗಾಬರಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಆದರೆ ನೋಡುವುದರಲ್ಲಿಯೂ ಒಂದು ಕ್ರಮವಿದೆ. ಮೇಷ್ಟ್ರು ಬೆಳಗಿನ ಹತ್ತು ಗಂಟೆಗೆ, ದಲ್ಲಾಳಿ ತೋರಿಸಿದ ಹೊತ್ತಿನಲ್ಲಿ, ಐದು ಮನೆ ನೋಡಿದರು. ಪಡುವಣ ಗೋಡೆ ಚೈತ್ರದ ಮಧ್ಯಾಹ್ನದಲ್ಲಿ ಹೇಗೆ ಕಾಯುತ್ತದೆಂದು ಬೆಳಗಿನ ಹತ್ತು ಗಂಟೆ ಹೇಳಲಾರದು. ಚಳ್ಳಕೆರೆಯ ಸೀಮೆ ನಾಡಿನಲ್ಲೇ ಅತಿ ಕಡಿಮೆ ಮಳೆಯ ಸೀಮೆಗಳಲ್ಲೊಂದು. ಬರುವ ಅಷ್ಟಿಷ್ಟು ಮಳೆಯಲ್ಲಿ ಹೆಚ್ಚಿನದು ಮಳೆಗಾಲದ ಕೆಲವು ತಿಂಗಳುಗಳಲ್ಲಿ ಬಂದು ಹೋಗುತ್ತದೆ. ಮಾಳಿಗೆ ಸೋರುವುದೋ ಇಲ್ಲವೋ ಎಂಬುದನ್ನು ಉಳಿದ ತಿಂಗಳುಗಳಲ್ಲಿ ಬ್ರಹ್ಮನೂ ಹೇಳಲಾರ. ಇನ್ನು ನೀರು. ಈ ಎರಡು ತಾಲ್ಲೂಕುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ದೂರು. ‘ಬೋರು ಇದೆ’ ಎಂಬ ಮಾತಿಗೆ ಮೇಷ್ಟ್ರು ತಲೆಯಾಡಿಸಿದರು. ‘ಕುಡಿಯುವ ನೀರು ಎಲ್ಲಿಂದ ತರುತ್ತೀರಿ?’ ಎಂದು ಪಕ್ಕದ ಮನೆಯಾಕೆಯನ್ನು ಕೇಳಿದವರು ಅವರ ಹೆಂಡತಿ.

ಐದನೆಯ ಮನೆ ಇಬ್ಬರಿಗೂ ಒಪ್ಪಿಗೆಯಾಯಿತು. ಎರಡು ಕೋಣೆ, ನಡುಮನೆ, ಹಿಂದೆ ಒಂದು ಬೇವಿನ ಮರ.

“ಮೇಷ್ಟ್ರೇ, ಬಳ್ಳಾರಿಯವರೊಬ್ಬರು ನಾಳೆ ಬರ್ತಾರೆ. ಕೈಗೆ ಬಂದದ್ದನ್ನು ಬಿಡಬೇಡಿ” ಎಂದ ದಲ್ಲಾಳಿ.

“ಈ ಮನೆಗೆ ಬರೋರ ವಿಷಯ ಇರಲಿ, ನಮ್ಮ ಮನೆಗೆ ಯಾರು ಬಂದಿದ್ದಾರೆ, ಅದನ್ನ ಹೇಳಿ” ಎಂದರು ಮನೆಯಾಕೆ.

ಆ ಪ್ರಶ್ನೆಗೆ ಉತ್ತರ ದೊರೆಯುವ ಮುನ್ನವೇ ಮೇಷ್ಟ್ರು ಮೂರು ಲಕ್ಷ ರೂಪಾಯಿ ಸಂಚಕಾರ ಕೊಟ್ಟು, ಮೂರು ತಿಂಗಳ ವಾಯಿದೆಯ ಕರಾರಿಗೆ ರುಜು ಹಾಕಿಬಿಟ್ಟರು.

ಸಂಚಕಾರವೆಂಬ ಮಾತು ವಿಚಾರ ಮಾಡತಕ್ಕದ್ದು. ಸಂಸ್ಕೃತದ ‘ಸತ್ಯಂಕಾರ’ದಿಂದ ಬಂದ ತದ್ಭವ ಅದು, ಆಡಿದ ಮಾತನ್ನು ಸತ್ಯವಾಗಿಸುವುದಕ್ಕೆ ಮುಂಗಡವಾಗಿ ಇಡುವ ಒತ್ತೆ ಎಂದು ತಾತ್ಪರ್ಯ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇದರ ಪ್ರಸ್ತಾಪವಿದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದವನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ. ಉಂಗುರದಂಥ ಒಡವೆಯನ್ನು ಒತ್ತೆಯಿಟ್ಟು ಮಾಡಿಕೊಂಡ ವ್ಯಾಪಾರದಲ್ಲಿ ಒತ್ತೆಯಿಟ್ಟವನೇ ತಪ್ಪಿದರೆ ಅವನು ಅದನ್ನು ಕಳೆದುಕೊಳ್ಳಬೇಕು, ತೆಗೆದುಕೊಂಡವನು ತಪ್ಪಿದರೆ ಇಮ್ಮಡಿ ಹಿಂದಿರುಗಿಸಬೇಕು ಎಂದು ಆತ ವಿವರಿಸಿದ್ದಾನೆ. ಒಂಬೈನೂರು ವರ್ಷಗಳ ಹಿಂದಿನ ಆ ನ್ಯಾಯ ಇಂದಿಗೂ ಅನೇಕ ಕರಾರುಪತ್ರಗಳಲ್ಲಿ ಬಹುಮಟ್ಟಿಗೆ ಅದೇ ರೂಪದಲ್ಲಿ ಇಣುಕುತ್ತದೆ. ಆದರೆ ಕನ್ನಡಿಗರು ಈ ಶಬ್ದವನ್ನು ಇನ್ನೊಂದು ಅರ್ಥಕ್ಕೂ ಎಳೆದುಕೊಂಡಿದ್ದಾರೆ. ‘ಪ್ರಾಣಕ್ಕೆ ಸಂಚಕಾರ’, ‘ಮಾನಕ್ಕೆ ಸಂಚಕಾರ’ ಎನ್ನುವಾಗ ಅದು ಮುಂಗಡವಲ್ಲ, ಗಂಡಾಂತರ. ಈ ಎರಡು ಅರ್ಥಗಳನ್ನು ಒಂದೇ ಮಾತಿನಲ್ಲಿ ಕಟ್ಟಿಹಾಕಿದ ಜನಕ್ಕೆ ವ್ಯವಹಾರದ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ಕಾನೂನಿನ ದೃಷ್ಟಿಯಿಂದ ಮೇಷ್ಟ್ರ ಕೈಯಲ್ಲಿ ಈಗ ಇದ್ದುದೇನು? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನ ಪ್ರಕಾರ, ಕ್ರಯದ ಕರಾರು ತನ್ನಷ್ಟಕ್ಕೆ ತಾನೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೋಂದಾಯಿಸಿದ ಕ್ರಯಪತ್ರ ಆದ ಮೇಲೆಯೇ ಹಕ್ಕು. ಅಂದರೆ ಮನೆ ಅವರದಾಗಿಲ್ಲ, ಮೂರು ಲಕ್ಷ ಮಾತ್ರ ಅವರದಲ್ಲದೆ ಹೋಗಿದೆ. ಇನ್ನು ಉಳಿದ ಇಪ್ಪತ್ತೊಂಬತ್ತು ಲಕ್ಷದಲ್ಲಿ ಹದಿನಾಲ್ಕು ಲಕ್ಷ ಹಳೆಯ ಮನೆಯ ಗೋಡೆಗಳೊಳಗೇ ಇದೆ. ಗೆರೆ ಎಳೆದ ಲೆಕ್ಕದಲ್ಲಿ ಇನ್ನೊಂದು ಹುಳುಕೂ ಕಾಣಿಸಿಕೊಂಡಿತು. ಕ್ರಯಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅದರ ಮೇಲೆ ಅಧಿಭಾರಗಳು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದರಿಂದ ಎರಡಕ್ಕೆ ಏರಿಸಲಾಗಿದೆ. ಮೂವತ್ತೆರಡು ಲಕ್ಷದ ಮನೆಗೆ ಎರಡೂಕಾಲು ಲಕ್ಷಕ್ಕೂ ಮೇಲೆ. ಮೇಷ್ಟ್ರು ಕೂಡಿದ್ದ ಮೊತ್ತದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆ ಮೇಲೆಯೇ ಅವರು ತಮ್ಮ ಸ್ವಂತ ಮನೆಯನ್ನು ಕೊಳ್ಳುವವನ ಕಣ್ಣಿನಿಂದ ನೋಡತೊಡಗಿದ್ದು. ಚಳ್ಳಕೆರೆಯಲ್ಲಿ ಐದು ಮನೆ ನೋಡುವ ಮೊದಲು ನೋಡಬೇಕಾಗಿದ್ದ ಮನೆ ಇದೇ ಆಗಿತ್ತು. ಖಾತೆ ಇನ್ನೂ ತಂದೆಯ ಹೆಸರಿನಲ್ಲಿದೆ. ತಂದೆ ತೀರಿಕೊಂಡು ಹದಿನೈದು ವರ್ಷ. ಕಂದಾಯವನ್ನು ಮಾತ್ರ ತಪ್ಪದೆ ಕಟ್ಟುತ್ತ ಬಂದಿದ್ದಾರೆ, ಅದೇ ಸಾಕೆಂದು ತಿಳಿದಿದ್ದರು. ಪೌತಿ ಖಾತೆಯಾಗಬೇಕಾದರೆ ಮರಣಪತ್ರ, ವಂಶವೃಕ್ಷ. ಅದು ಮುಗಿದ ಮೇಲೆ ಗ್ರಾಮ ಪಂಚಾಯಿತಿಯ ‘ಇ-ಸ್ವತ್ತು’ವಿನಲ್ಲಿ ನಮೂನೆ 9 ಮತ್ತು 11. ಅವಿಲ್ಲದೆ ನೋಂದಣಿಯಿಲ್ಲ. ನಡುಮನೆಯ ಚಪ್ಪಡಿಯ ಕೆಳಗೆ ಜೋಳ ತುಂಬುತ್ತಿದ್ದ ಹಳೆಯ ಹಗೇವು ಇದೆ. ಅದನ್ನು ಮುಚ್ಚಿಟ್ಟರೆ ನಾಳೆ ನೆಲ ಕುಸಿದಾಗ ಮಾತು ಬರುತ್ತದೆ, ಹೇಳಿದರೆ ಬೆಲೆ ಇಳಿಯುತ್ತದೆ. ಹೇಳುವುದೇ ಲೇಸೆಂದು ಮೇಷ್ಟ್ರು ತೀರ್ಮಾನಿಸಿದರು. ಕೊಳ್ಳಲು ಬಂದವನು ಅದಕ್ಕಾಗಿ ಇಪ್ಪತ್ತು ಸಾವಿರ ಮುರಿದುಕೊಂಡ. ಕಾಗದಗಳ ಓಡಾಟದಲ್ಲಿ ಒಂದೂವರೆ ತಿಂಗಳು ಕಳೆಯಿತು. ವಾಯಿದೆಯ ಅರ್ಧ ಅಲ್ಲಿಗೆ ಮುಗಿಯಿತು.

ವಂಶವೃಕ್ಷದಲ್ಲಿ ಮೇಷ್ಟ್ರ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರು ಬಂದಿತು. ತಂಗಿಯದು.

ತಂಗಿಯ ಹಕ್ಕಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತಕ್ಕೆ ಮಗಳು ಮಗನಷ್ಟೇ ವಾರಸುದಾರಳೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ತಂಗಿಯ ಮನೆ ಆಂಧ್ರದ ಗಡಿಯಾಚೆ ರಾಯದುರ್ಗದಲ್ಲಿ. ಅಣ್ಣ ಕಾಗದಗಳ ಕಟ್ಟು ಹಿಡಿದು ಹೋದಾಗ ಆಕೆ ಊಟಕ್ಕೆ ಬಡಿಸಿದಳು, ರುಜುವಿನ ಮಾತೆತ್ತಿದಾಗ ಸುಮ್ಮನಾದಳು.

“ನಿನ್ನ ಪಾಲಿನ ದುಡ್ಡು ನಿನಗೆ ಬರುತ್ತೆ, ಚಿನ್ನಮ್ಮ” ಎಂದರು ಮೇಷ್ಟ್ರು.

“ದುಡ್ಡಿಗಲ್ಲ ಅಣ್ಣಾ. ಗೌರಿಹಬ್ಬದ ಬಾಗಿನಕ್ಕೆ ನಾನು ಇನ್ನು ಯಾವ ಬಾಗಿಲಿಗೆ ಬರಲಿ?”

ಈ ಪ್ರಶ್ನೆಗೆ ಉತ್ತರ ಯಾವ ನಮೂನೆಯಲ್ಲಿಯೂ ಇಲ್ಲ. ತಂಗಿಯ ಪಾಲೆಂಬ ಮಾತು ಬಂದೊಡನೆ ಲೆಕ್ಕದ ಇನ್ನೊಂದು ಕಾಲೂ ಮುರಿದಿತ್ತು. ಹದಿನಾಲ್ಕು ಲಕ್ಷವೂ ತಮ್ಮದೆಂದು ಕೂಡಿದ್ದು ಯಾರು ಹೇಳಿಕೊಟ್ಟ ಗಣಿತವೋ! ಮೇಷ್ಟ್ರು ಮರಳಿ ಬಂದು ಪಡಸಾಲೆಯಲ್ಲಿ ಕುಳಿತಾಗ ವಾಯಿದೆಗೆ ಉಳಿದದ್ದು ಮೂರು ವಾರ.

ಮನೆ ಬಿಡುವ ಹೊತ್ತನ್ನು ಬಹು ಜಾಣತನದಿಂದ ಗೊತ್ತುಮಾಡುವವರು ಇದೇ ಸೀಮೆಯಲ್ಲಿ ಇದ್ದಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನೇಯ್ಗೆ. ಅದರ ನೇಕಾರನಿಗೆ ಮನೆಯೇ ಕಾರ್ಖಾನೆ. ಗುಂಡಿ ಮಗ್ಗವೆಂದರೆ ನೆಲದಲ್ಲಿ ಅಗೆದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಮಂಚವನ್ನೋ ಬೀರುವನ್ನೋ ಹೊತ್ತು ಸಾಗಿಸಿದಂತೆ ಗುಂಡಿಯನ್ನು ಹೊತ್ತು ಸಾಗಿಸಲಾಗದು. ಹೂಡಿದ ಹಾಸು ಮುಗಿಯುವ ತನಕ ಮಗ್ಗವನ್ನು ಕದಲಿಸುವಂತೆಯೂ ಇಲ್ಲ. ಕದಲಿಸಿದರೆ ರೇಷ್ಮೆಯೂ ಹಾಳು, ಕೂಲಿಯೂ ಹಾಳು. ಆದುದರಿಂದ ಅವನು ಮನೆ ನೋಡಲು ಹೋದರೆ ಮೊದಲು ನೋಡುವುದು ನೆಲದ ತೇವವನ್ನು, ಬೆಳಕು ಬೀಳುವ ಮಗ್ಗುಲನ್ನು. ಹೊಸ ಮನೆಯಲ್ಲಿ ಗುಂಡಿ ತೋಡಿ ಒಣಗಿದ ಮೇಲೆ, ಹಳೆಯ ಮನೆಯಲ್ಲಿ ಹಾಸು ಮುಗಿದ ಮೇಲೆ, ಎಂದು ಎರಡು ಕಡೆಯ ದಿನವನ್ನೂ ಅವನು ಮೊದಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ಅವನ ಪಂಚಾಂಗದಲ್ಲಿ ಗೃಹಪ್ರವೇಶದ ಮುಹೂರ್ತ ಮಗ್ಗದ ಹಾಸಿನ ಉದ್ದದಿಂದ ಅಳೆಯಲ್ಪಡುತ್ತದೆ.

ಮೇಷ್ಟ್ರ ಕರಾರಿನಲ್ಲಿ ಇಲ್ಲದೆ ಹೋದದ್ದು ಇಂಥದೊಂದು ಹಾಸಿನ ಅಳತೆ. ತಮ್ಮ ಮನೆಯ ಕ್ರಯ ಮುಗಿದ ಮೇಲೆ ಇಷ್ಟು ದಿನಗಳೊಳಗೆ ಬಾಕಿ ಹಣ ಸಲ್ಲಿಸುವುದೆಂಬ ಒಂದು ವಾಕ್ಯವನ್ನು ಬರೆಸಿದ್ದರೆ, ಮಾರುವವನು ಒಪ್ಪುತ್ತಿದ್ದನೋ ಇಲ್ಲವೋ, ಕೇಳಿದಂತಾದರೂ ಆಗುತ್ತಿತ್ತು. ಒಪ್ಪದಿದ್ದರೆ ಸಂಚಕಾರವನ್ನು ಮೂರು ಲಕ್ಷದ ಬದಲು ಐವತ್ತು ಸಾವಿರಕ್ಕೆ ಇಳಿಸಬಹುದಾಗಿತ್ತು. ಇಂಗ್ಲೆಂಡಿನಲ್ಲಿ ಈ ಅವಸ್ಥೆಗೆ ‘ಸರಪಳಿ’ ಎಂದೇ ಹೆಸರಿಟ್ಟಿದ್ದಾರೆ. ಒಬ್ಬನ ಕೊಳ್ಳುವಿಕೆ ಅವನ ಮಾರಾಟಕ್ಕೆ, ಆ ಮಾರಾಟ ಇನ್ನೊಬ್ಬನ ಮಾರಾಟಕ್ಕೆ ಗಂಟುಬಿದ್ದು, ಒಂದು ಕೊಂಡಿ ಕಳಚಿದರೆ ಸಾಲಾಗಿ ಎಲ್ಲರ ಮನೆಯೂ ನಿಲ್ಲುತ್ತದೆ. ಬ್ಯಾಂಕುಗಳು ನಡುವಿನ ತಿಂಗಳುಗಳಿಗೆಂದು ಸಾಲ ಕೊಡುವುದೂ ಉಂಟು. ಬಡ್ಡಿ ಸಾಮಾನ್ಯ ಗೃಹಸಾಲಕ್ಕಿಂತ ಹೆಚ್ಚು, ನಿವೃತ್ತರಿಗೆ ಸಿಗುವುದೂ ಕಷ್ಟ. ತೆರಿಗೆಯ ಕಾಯಿದೆ ಮಾತ್ರ ಗೃಹಸ್ಥನ ಮನಸ್ಸನ್ನು ಅರಿತಂತೆ ಉದಾರವಾಗಿದೆ. ಮನೆ ಮಾರಿದ ಲಾಭವನ್ನು ಹೊಸ ಮನೆಗೆ ತೊಡಗಿಸಿದರೆ ವಿನಾಯಿತಿ ಉಂಟು. ಆ ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮುಂಚೆಯೂ ಕೊಂಡಿರಬಹುದು, ಎರಡು ವರ್ಷದೊಳಗೆ ಆಮೇಲೂ ಕೊಳ್ಳಬಹುದು. ಕಟ್ಟಿಸುವುದಾದರೆ ಮೂರು ವರ್ಷ. ಕಾಯಿದೆಗೆ ಇರುವಷ್ಟು ತಾಳ್ಮೆ ದಲ್ಲಾಳಿಗೂ ಇದ್ದಿದ್ದರೆ!

ಗಂಟು ಬಿಚ್ಚಿದವರು ಮನೆಯಾಕೆ. ಅವರು ಯಾರಿಗೂ ಹೇಳದೆ ನಾದಿನಿಗೆ ಫೋನು ಮಾಡಿ, “ನಮ್ಮಣ್ಣನೋರು ನಿಮಗೆ ಕಾಗದ ತೋರಿಸಿದರಂತೆ, ಮನೆ ತೋರಿಸಿಲ್ಲ. ಭಾನುವಾರ ಚಳ್ಳಕೆರೆಗೆ ಬಾರಮ್ಮ” ಎಂದು ಕರೆದರು. ಮಾತಿನಲ್ಲಿ ‘ನಿಮ್ಮಣ್ಣ’ ‘ನಮ್ಮಣ್ಣ’ನಾದದ್ದನ್ನು ಆಮೇಲೆ ಇಬ್ಬರೂ ನೆನೆದು ನಕ್ಕರಂತೆ. ತಂಗಿ ಬಂದಳು. ಬಾಗಿಲಲ್ಲೇ ನಿಂತು ಹೊಸ್ತಿಲನ್ನು ನೋಡಿದಳು, ಅಡಿಗೆಮನೆಯ ಕಿಟಕಿ ತೆರೆದು ಬೇವಿನ ಮರವನ್ನು ನೋಡಿದಳು, ಚಿಕ್ಕ ಕೋಣೆಯ ಗೋಡೆಗೆ ಕೈಯಿಟ್ಟಳು. “ಇದು ಪಡುವಣ ಗೋಡೆ. ಬೇಸಿಗೆಯಲ್ಲಿ ಇಲ್ಲಿ ಮಲಗೋಕಾಗಲ್ಲ. ಹಬ್ಬಕ್ಕೆ ಬಂದರೆ ನಾನು ನಡುಮನೆಯಲ್ಲೇ ಮಲಗೋದು” ಎಂದಳು. ಮೇಷ್ಟ್ರು ಐದು ಮನೆ ನೋಡಿಯೂ ಕಾಣದಿದ್ದುದನ್ನು ಆಕೆ ಐದು ನಿಮಿಷದಲ್ಲಿ ಕಂಡಳು. ತನ್ನ ಪಾಲಿನಲ್ಲಿ ಅರ್ಧವನ್ನು ಈಗ, ಅರ್ಧವನ್ನು ಎರಡು ವರ್ಷಕ್ಕೆ ತೆಗೆದುಕೊಳ್ಳುವುದಾಗಿಯೂ ಹೇಳಿದಳು. ಮೇಷ್ಟ್ರು ಅದನ್ನು ಬಾಯಿಮಾತಿಗೆ ಬಿಡದೆ ಬರೆದುಕೊಟ್ಟರು. ಕೊರತೆ ಬಿದ್ದ ಹಣಕ್ಕೆ ಮಗ ತನ್ನ ಸಂಬಳದ ಮೇಲೆ ಸಾಲ ತೆಗೆದ.

ವಾಯಿದೆ ಮೀರುವ ನಾಲ್ಕು ದಿನ ಮೊದಲು ಚಳ್ಳಕೆರೆಯ ಮನೆಯವನು ಮತ್ತೆ ನಲವತ್ತೈದು ದಿನಗಳ ಗಡುವು ಕೊಟ್ಟ. ಧರ್ಮಕ್ಕಲ್ಲ, ಬೆಲೆಯ ಮೇಲೆ ಐವತ್ತು ಸಾವಿರ ಏರಿಸಿ, ಕರಾರಿನ ಹಿಂಬದಿಯಲ್ಲಿ ಇಬ್ಬರೂ ರುಜು ಮಾಡಿದ ಮೇಲೆ. ಬಳ್ಳಾರಿಯವರು ಕೊನೆಗೂ ಬರಲಿಲ್ಲ.

2024ರ ಸೆಪ್ಟೆಂಬರಿನಿಂದ ಕರ್ನಾಟಕದಲ್ಲಿ ಒಂದು ಜಿಲ್ಲೆಯ ಸ್ವತ್ತನ್ನು ಆ ಜಿಲ್ಲೆಯ ಯಾವುದೇ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವ ಅನುಕೂಲ ಬಂದಿದೆ. ಎರಡು ಮನೆಗಳ ನಡುವೆ ಸಿಕ್ಕಿಬಿದ್ದವರಿಗೆ ಇದರ ಬೆಲೆ ದೊಡ್ಡದು. ಮೊಳಕಾಲ್ಮೂರು ತಾಲ್ಲೂಕಿನ ಮನೆಯ ಕ್ರಯವೂ ಚಳ್ಳಕೆರೆಯ ಮನೆಯ ಕ್ರಯವೂ ಒಂದೇ ದಿನ ಒಂದೇ ಕಚೇರಿಯಲ್ಲಿ ಆಗಬಹುದು. ಬೆಳಿಗ್ಗೆ ಮೇಷ್ಟ್ರೂ ತಂಗಿಯೂ ಮಾರುವವರಾಗಿ ಹೆಬ್ಬೆರಳು ಒತ್ತಿದರು, ಡಿ.ಡಿ. ಕೈಗೆ ಬಂತು. ಮಧ್ಯಾಹ್ನ ಮೇಷ್ಟ್ರು ಕೊಳ್ಳುವವರಾಗಿ ಅದೇ ಬೆಂಚಿನ ಮೇಲೆ ಕುಳಿತರು. ನಡುವಿನ ಎರಡು ಗಂಟೆಯ ಕಾಲ ಅವರಿಗೆ ಭೂಮಿಯ ಮೇಲೆ ಸ್ವಂತ ಮನೆಯೆಂಬುದು ಇರಲಿಲ್ಲ. ಆ ಹೊತ್ತಿನಲ್ಲಿ ಅವರು ಎದುರಿನ ಹೋಟಲಿನಲ್ಲಿ ಕಾಫಿ ಕುಡಿದರು. ಹಳೆಯ ಮನೆ ಖಾಲಿ ಮಾಡಲು ಎಂಟು ದಿನದ ಅವಕಾಶವನ್ನು ಈ ಸಲ ಪತ್ರದಲ್ಲಿಯೇ ಬರೆಸಿದ್ದರು.

ಎಂಟನೆಯ ದಿನ ತಂಗಿ ಮತ್ತೆ ಬಂದಳು. ಪಾತ್ರೆಗಳಲ್ಲಿ ಏನಾದರೂ ಬೇಕೇ ಎಂದು ಅತ್ತಿಗೆ ಕೇಳಿದರು. ಆಕೆ ಹಿತ್ತಿಲಿಗೆ ಹೋಗಿ, ಅಮ್ಮ ರುಬ್ಬುತ್ತಿದ್ದ ಒರಳುಕಲ್ಲಿನ ಗುಂಡನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಒರಳು ಚಳ್ಳಕೆರೆಯ ಲಾರಿಗೆ ಏರಿತು. ರಾಯದುರ್ಗದ ಬಸ್ಸಿನಲ್ಲಿ ಕಂಡಕ್ಟರು ಆ ಚೀಲವನ್ನು ಎತ್ತಲು ಹೋಗಿ, ಇದರಲ್ಲಿ ಏನಮ್ಮ ಇಷ್ಟು ಭಾರ ಎಂದು ಕೇಳಿದ.

“ತವರುಮನೇದು” ಎಂದಳಂತೆ.